ಅಟ್ಟದ ಮೇಲಿನ ಕ್ಯಾಸೆಟ್ಟು, ಬಿಡುಗಡೆಯಾಗದ ಆಟ, ಹಳೆಯ ಕಂಪ್ಯೂಟರಿಗೆ ಹೊಸ ಕಾರ್ಡು

ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸುವ ಹೊತ್ತಿಗೆ ಮಲೆನಾಡಿನ ಮನೆಗಳಲ್ಲಿ ಅಟ್ಟದ ಸಾಮಾನೆಲ್ಲ ಕೆಳಗಿಳಿಯುತ್ತದೆ. 1980ರ ದಶಕದಲ್ಲಿ ಹೈಸ್ಕೂಲನ್ನೋ ಎಂಜಿನಿಯರಿಂಗನ್ನೋ ಓದಿದವರು ಈಗ ನಿವೃತ್ತಿಯ ವಯಸ್ಸಿಗೆ ಬಂದಿದ್ದಾರೆ. ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ಅವರು ಬಿಟ್ಟುಹೋದ ಟ್ರಂಕುಗಳನ್ನು ಈಗ ತೆರೆಯುತ್ತಿರುವವರು ಬಹುಪಾಲು ಅವರ ಮಕ್ಕಳು. ಭಾವಗೀತೆಯ ಕ್ಯಾಸೆಟ್ಟುಗಳ ನಡುವೆ ‘ಪ್ರೋಗ್ರಾಂ’ ಎಂದು ಪೆನ್ನಿನಲ್ಲಿ ಬರೆದಿಟ್ಟ ಕ್ಯಾಸೆಟ್ಟೊಂದು, ಬಾಗುವ ಕಪ್ಪು ಫ್ಲಾಪಿ, ರಬ್ಬರ್ ಕೀಲಿಗಳ ಪುಟ್ಟ ಯಂತ್ರ ಸಿಕ್ಕಿದರೆ ಏನು ಮಾಡಬೇಕೆಂದು ತೋಚದೆ ಗುಜರಿಯವನ ತಕ್ಕಡಿಗೆ ಹಾಕುವುದು ಸಹಜ. ಆದರೆ ಇಂಥ ವಸ್ತುಗಳನ್ನು ಇವತ್ತು ಜಗತ್ತಿನ ಹಲವು ಕಡೆ ಹವ್ಯಾಸಿಗಳೂ ವಸ್ತುಸಂಗ್ರಹಾಲಯಗಳೂ ಹುಡುಕಿಕೊಂಡು ಹೋಗುತ್ತಿದ್ದಾರೆ. ಅದೇಕೆ, ಅವರು ಅವುಗಳಿಂದ ಹೊರತೆಗೆಯುವುದೇನು, ಹಾಗೆ ತೆಗೆದದ್ದನ್ನು ನಲವತ್ತು ವರ್ಷ ಹಳೆಯ ಯಂತ್ರದಲ್ಲಿ ಮತ್ತೆ ಓಡಿಸುವುದು ಹೇಗೆ ಎಂಬುದನ್ನು ಬುಡದಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಇದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಹಳೆಯ ಕ್ಯಾಸೆಟ್ಟು, ಫ್ಲಾಪಿ, ಚಿಪ್ಪುಗಳಲ್ಲಿರುವ ಮಾಹಿತಿಯನ್ನು ಅಳಿಯುವ ಮುನ್ನ ನಕಲು ಮಾಡಿ ಉಳಿಸುವುದು ಒಂದು. ಹಳೆಯ ಕಂಪ್ಯೂಟರಿಗೆ ಇಂದಿನ ಎಸ್‌ಡಿ ಕಾರ್ಡ್ ಅಥವಾ ಪೆನ್‌ಡ್ರೈವ್ ಜೋಡಿಸಿ ಅದನ್ನು ಬಳಕೆಗೆ ಯೋಗ್ಯವಾಗಿಸುವುದು ಇನ್ನೊಂದು. ಇವೆರಡನ್ನೂ ಒಂದೇ ಎಂದು ತಿಳಿದವರು ಎರಡನೆಯದರಿಂದ ಶುರುಮಾಡುತ್ತಾರೆ, ಮೊದಲನೆಯದು ಅಲ್ಲಿಯೇ ಕೆಡುತ್ತದೆ.

ಹೋಮ್ ಕಂಪ್ಯೂಟರ್ ಎಂದರೆ ಯಾವುದು

ಟಿವಿಗೆ ಜೋಡಿಸಿ ಮನೆಯಲ್ಲೇ ಬಳಸಬಹುದಾದ, ಕೀಲಿಮಣೆಯ ಪೆಟ್ಟಿಗೆಯೊಳಗೇ ಇಡೀ ಯಂತ್ರ ಅಡಗಿದ್ದ ಸಣ್ಣ ಕಂಪ್ಯೂಟರುಗಳಿಗೆ ಆಗ ಹೋಮ್ ಕಂಪ್ಯೂಟರ್ ಎಂಬ ಹೆಸರಿತ್ತು. ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೊ 1981ರ ಡಿಸೆಂಬರಿನಲ್ಲಿ, ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್ 1982ರ ಏಪ್ರಿಲ್‌ನಲ್ಲಿ, ಅಮೆರಿಕದ ಕಮೋಡೋರ್ 64 ಅದೇ ವರ್ಷ ಹೊರಬಂದವು. ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಶುರುವಾದದ್ದೂ ಇನ್ಸಾಟ್-1ಎ ಉಪಗ್ರಹ ಹಾರಿದ್ದೂ 1982ರಲ್ಲೇ. ಅಂದರೆ ಈ ಊರಿನಲ್ಲಿ ಬಾಹ್ಯಾಕಾಶದ ಉಪಗ್ರಹವನ್ನು ನಿಯಂತ್ರಿಸುವ ಕೆಲಸಕ್ಕೂ ಮನೆಯೊಳಗಿನ ಕಂಪ್ಯೂಟರಿಗೂ ಒಂದೇ ವಯಸ್ಸು.

ಭಾರತಕ್ಕೆ ಈ ಯಂತ್ರಗಳು ಕೆಲವು ದಾರಿಗಳಲ್ಲಿ ಬಂದವು. 1984ರಲ್ಲಿ ಆರಂಭವಾದ ‘ಕ್ಲಾಸ್’ ಎಂಬ ಕೇಂದ್ರ ಸರ್ಕಾರದ ಯೋಜನೆಯಡಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊಗಳನ್ನು ಕೊಡಲಾಯಿತು. 1986ರಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಭಾರತೀಯ ಕಂಪನಿ ಸ್ಪೆಕ್ಟ್ರಮ್ ಪ್ಲಸ್ ಯಂತ್ರವನ್ನು ಪರವಾನಗಿ ಪಡೆದು ‘ಡಿಬಿ ಸ್ಪೆಕ್ಟ್ರಮ್’ ಎಂಬ ಹೆಸರಿನಲ್ಲಿ ಮಾರಲು ಶುರುಮಾಡಿತು. ಇನ್ನು ಕೆಲವು ವಿದೇಶದಲ್ಲಿದ್ದ ನೆಂಟರ ಸೂಟ್‌ಕೇಸಿನಲ್ಲಿ ಬಂದವು.

ಸ್ಪೆಕ್ಟ್ರಮ್‌ನ ದೊಡ್ಡ ಮಾದರಿಯಲ್ಲಿದ್ದದ್ದು 48 ಕಿಲೋಬೈಟ್ ಕೆಲಸದ ಮೆಮೊರಿ, ಅಂದರೆ ರ‍್ಯಾಮ್. ಕರೆಂಟು ಹೋದ ಕ್ಷಣ ಅದರಲ್ಲಿದ್ದುದೆಲ್ಲ ಮಾಯ. ಒಳಗೆ ಹಾರ್ಡ್ ಡಿಸ್ಕ್ ಇರಲಿಲ್ಲ, ಫ್ಲಾಪಿ ಡ್ರೈವ್ ಬಹುತೇಕರ ಕೈಗೆಟುಕುತ್ತಿರಲಿಲ್ಲ. ಆದ್ದರಿಂದ ಬರೆದ ಪ್ರೋಗ್ರಾಂ ಉಳಿಯಬೇಕಾದರೆ ಹಾಡು ಕೇಳುವ ಟೇಪ್ ರೆಕಾರ್ಡರೇ ಗತಿಯಾಗಿತ್ತು.

ಕ್ಯಾಸೆಟ್ಟಿನೊಳಗೆ ಪ್ರೋಗ್ರಾಂ ಕೂರುವ ಬಗೆ

ಕಂಪ್ಯೂಟರಿನ ಮಾಹಿತಿಯೆಲ್ಲ ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತುಗಳ ಸಾಲು. ಇಂಥ ಒಂದೊಂದು ಗುರುತು ಒಂದು ಬಿಟ್, ಎಂಟು ಬಿಟ್ಟು ಸೇರಿದರೆ ಒಂದು ಬೈಟ್. ಟೇಪ್ ರೆಕಾರ್ಡರಿಗೆ ಅಂಕಿ ಅರ್ಥವಾಗುವುದಿಲ್ಲ, ಶಬ್ದ ಮಾತ್ರ ಗೊತ್ತು. ಹಾಗಾಗಿ ಸ್ಪೆಕ್ಟ್ರಮ್ ಪ್ರತಿ ಸೊನ್ನೆಯನ್ನು ಒಂದು ಚಿಕ್ಕ ಅಲೆಯಾಗಿಯೂ ಪ್ರತಿ ಒಂದನ್ನು ಅದರ ಎರಡರಷ್ಟು ಉದ್ದದ ಅಲೆಯಾಗಿಯೂ ಬದಲಿಸಿ ಟೇಪಿಗೆ ಕಳಿಸುತ್ತದೆ. ಸೊನ್ನೆಯ ಅಲೆ ಸುಮಾರು 2,000 ಹರ್ಟ್ಸ್, ಒಂದರ ಅಲೆ ಸುಮಾರು 1,000 ಹರ್ಟ್ಸ್. ಕಿವಿಗೆ ಇವೆರಡೂ ಬೆರೆತ ಕರ್ಕಶವಾದ ಕಿರುಚಾಟದಂತೆ ಕೇಳುತ್ತವೆ. ಮರಳಿ ಓದುವಾಗ ಯಂತ್ರ ಮಾಡುವುದು ಇಷ್ಟೇ: ಅಲೆಯ ಒಂದು ಏರಿನಿಂದ ಮುಂದಿನ ಏರಿಗೆ ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುತ್ತದೆ, ಹೊತ್ತು ಕಡಿಮೆಯಾದರೆ ಸೊನ್ನೆ, ಹೆಚ್ಚಾದರೆ ಒಂದು.

ಈ ಓದು ನಡೆಯುವಾಗ ಟಿವಿ ಪರದೆಯ ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿಯ ದಪ್ಪ ಪಟ್ಟೆಗಳು ಸರಿಯುತ್ತವೆ. ಮಾಹಿತಿ ಬರತೊಡಗಿದ ಕೂಡಲೇ ಅವು ನೀಲಿ ಮತ್ತು ಹಳದಿಯ ಸಣ್ಣ ಗೆರೆಗಳಾಗಿ ಒದ್ದಾಡುತ್ತವೆ. 48 ಕಿಲೋಬೈಟ್ ತುಂಬಲು ಸುಮಾರು 5 ನಿಮಿಷ ಬೇಕು. ಪ್ರತಿ ತುಂಡಿನ ಕೊನೆಯಲ್ಲಿ ಒಂದೇ ಒಂದು ತಾಳೆಯ ಬೈಟ್ ಇರುತ್ತದೆ: ಹಿಂದಿನ ಬೈಟುಗಳನ್ನೆಲ್ಲ ಒಂದು ನಿಯಮದಂತೆ ಕೂಡಿಸಿ ಬಂದ ಫಲ. ಓದಿದ್ದು ಅದರೊಡನೆ ತಾಳೆಯಾಗದಿದ್ದರೆ ‘ಆರ್ ಟೇಪ್ ಲೋಡಿಂಗ್ ಎರರ್’ ಎಂಬ ಸಾಲು ಪರದೆಯ ಕೆಳಗೆ ಕಾಣಿಸಿಕೊಳ್ಳುತ್ತದೆ. ನಾಲ್ಕೂ ಮುಕ್ಕಾಲು ನಿಮಿಷ ಕಾದ ಮೇಲೆ ಈ ಸಾಲನ್ನು ಕಂಡವರಿಗೆ ಅದರ ರುಚಿ ಇನ್ನೂ ನೆನಪಿರುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ತಾಳೆಯ ಬೈಟ್ ತಪ್ಪಾಗಿದೆ ಎಂದು ಮಾತ್ರ ಹೇಳುತ್ತದೆ. ತಪ್ಪು ಎಲ್ಲಿದೆ, ಸರಿಯಾದದ್ದು ಏನು ಎಂಬುದನ್ನು ಹೇಳುವ ಶಕ್ತಿ ಅದಕ್ಕಿಲ್ಲ. ಅಂಗಡಿಯಲ್ಲಿ ಸಾವಿರಾರು ಪ್ರತಿ ಮಾರಿದ ಆಟವಾದರೆ ಇನ್ನೊಂದು ಕ್ಯಾಸೆಟ್ಟಿನಿಂದ ಆ ಜಾಗವನ್ನು ತುಂಬಿಕೊಳ್ಳಬಹುದು. ಇರುವುದೇ ಒಂದು ಪ್ರತಿಯಾದರೆ ಹೋದದ್ದು ಹೋದ ಹಾಗೆ.

ಬಿಡುಗಡೆಯಾಗದ ಆಟ ಎಂದರೇನು

ತಯಾರಾಗಿಯೂ ಅಥವಾ ಅರ್ಧ ತಯಾರಾಗಿಯೂ ಮಾರಾಟಕ್ಕೆ ಬಾರದೆ ಉಳಿದ ಆಟಕ್ಕೆ ಈ ಹೆಸರು. ಇದಕ್ಕೆ ಕಾರಣಗಳು ಬಹುಮಟ್ಟಿಗೆ ವ್ಯಾಪಾರದವು. ಲಿವರ್‌ಪೂಲ್‌ನ ಇಮ್ಯಾಜಿನ್ ಸಾಫ್ಟ್‌ವೇರ್ ಎಂಬ ಕಂಪನಿ ‘ಬ್ಯಾಂಡರ್‌ಸ್ನ್ಯಾಚ್’ ಮತ್ತು ‘ಸೈಕ್ಲಾಪ್ಸ್’ ಎಂಬ ಎರಡು ಆಟಗಳಿಗೆ ಭಾರೀ ಪ್ರಚಾರ ಕೊಟ್ಟು, ಅವು ಹೊರಬರುವ ಮೊದಲೇ 1984ರ ಜುಲೈನಲ್ಲಿ ಮುಳುಗಿತು. ಅಮೆರಿಕದಲ್ಲಿ 1983ರಲ್ಲಿ ವಿಡಿಯೊ ಗೇಮ್ ಮಾರುಕಟ್ಟೆಯೇ ಕುಸಿದಾಗ ಕೆಲಸ ನಡೆಯುತ್ತಿದ್ದ ಎಷ್ಟೋ ಆಟಗಳು ಅಲ್ಲಲ್ಲೇ ನಿಂತವು. ಇನ್ನು ಕೆಲವು ಸಲ ಆಟ ಪೂರ್ತಿಯಾದರೂ ಕಂಪನಿ ಮನಸ್ಸು ಬದಲಿಸುತ್ತದೆ. ನಿಂಟೆಂಡೊ ಕಂಪನಿಯ ‘ಸ್ಟಾರ್ ಫಾಕ್ಸ್ 2’ 1990ರ ದಶಕದ ನಡುವಿನಲ್ಲಿ ಮುಗಿದು, ರದ್ದಾಗಿ, ಕೊನೆಗೆ 2017ರಲ್ಲಿ ಅಧಿಕೃತವಾಗಿ ಹೊರಬಂತು. ಮೂಲವನ್ನು ಕಂಪನಿ ಜೋಪಾನವಾಗಿ ಇಟ್ಟುಕೊಂಡಿದ್ದರಿಂದ ಅದು ಸಾಧ್ಯವಾಯಿತು. ಮುಳುಗಿದ ಕಂಪನಿಗಳ ಮಟ್ಟಿಗೆ ಹಾಗೆ ಇಟ್ಟುಕೊಳ್ಳುವವರೇ ಇರುವುದಿಲ್ಲ. ಅವುಗಳ ಆಟ ಉಳಿದಿದ್ದರೆ ಕೆಲಸಗಾರನೊಬ್ಬನ ಮನೆಯ ಪೆಟ್ಟಿಗೆಯಲ್ಲಿ ಉಳಿದಿರಬೇಕು, ಅಷ್ಟೇ.

ಆಟದ ಮೂಲ ಪ್ರೋಗ್ರಾಂ ಬರಹಕ್ಕೂ, ಅಂದರೆ ಸೋರ್ಸ್ ಕೋಡ್‌ಗೂ ಇದೇ ಮಾತು ಸಲ್ಲುತ್ತದೆ. 1989ರಲ್ಲಿ ಬಂದ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟ ಲೋಕಪ್ರಸಿದ್ಧವಾದರೂ ಅದರ ಮೂಲ ಬರಹ ಕಳೆದುಹೋಗಿದೆ ಎಂದೇ ಅದನ್ನು ಬರೆದ ಜೋರ್ಡಾನ್ ಮೆಕ್ನರ್ ಭಾವಿಸಿದ್ದರು. 2012ರಲ್ಲಿ ಅವರ ತಂದೆ ಮನೆಯ ಕಪಾಟಿನಲ್ಲಿದ್ದ ಪೆಟ್ಟಿಗೆಯೊಂದನ್ನು ಕಳಿಸಿಕೊಟ್ಟರು. ಅದರೊಳಗೆ ಆ ಫ್ಲಾಪಿಗಳಿದ್ದವು. ಅವನ್ನು ಮೆಕ್ನರ್ ತಾವೇ ಯಂತ್ರಕ್ಕೆ ಹಾಕಿ ನೋಡಲಿಲ್ಲ. ಹಳೆಯ ಫ್ಲಾಪಿಗಳನ್ನು ಓದಿ ಪಳಗಿದ ತಜ್ಞರನ್ನು ಕರೆಸಿದರು, ನಕಲು ಯಶಸ್ವಿಯಾಯಿತು.

ನಮ್ಮ ಕಡೆ ಸಿಗಬಹುದಾದದ್ದು ಲಿವರ್‌ಪೂಲ್‌ನ ಆಟವಲ್ಲ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗನೋ ಹುಡುಗಿಯೋ ರಜೆಯಲ್ಲಿ ಕುಳಿತು ಬೇಸಿಕ್ ಭಾಷೆಯಲ್ಲಿ ಬರೆದ ಚೌಕಾಬಾರ, ಶಾಲೆಯ ಮೇಷ್ಟರು ಮಗ್ಗಿ ಕಲಿಸಲೆಂದು ಬಿಬಿಸಿ ಮೈಕ್ರೊದಲ್ಲಿ ಮಾಡಿದ ಆಟ, ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕನ್ನಡ ಅಕ್ಷರ ಮೂಡಿಸಲು ನಡೆಸಿದ ಪ್ರಯತ್ನ, ಇಂಥವು. ಇವು ಮಾರಾಟಕ್ಕೆಂದು ಹುಟ್ಟಿದವಲ್ಲವಾದ್ದರಿಂದ ಬಿಡುಗಡೆಯ ಪ್ರಶ್ನೆಯೇ ಇರಲಿಲ್ಲ. ಆದರೆ ಸಂರಕ್ಷಣೆಯ ದೃಷ್ಟಿಯಿಂದ ಇವುಗಳ ಸ್ಥಿತಿ ರದ್ದಾದ ಆಟದ ಸ್ಥಿತಿಯೇ: ಒಂದೇ ಪ್ರತಿ, ಪಟ್ಟಿಯಲ್ಲಿ ಹೆಸರಿಲ್ಲ, ಕಳೆದರೆ ಕಳೆದದ್ದು ಯಾರಿಗೂ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಮಾರಿದ ಪ್ರಸಿದ್ಧ ಆಟದ ಮೂಲ ಕ್ಯಾಸೆಟ್ಟಿಗಿಂತ ಕೈಬರಹದ ಚೀಟಿಯ ಕ್ಯಾಸೆಟ್ಟೇ ಹೆಚ್ಚು ಜೋಪಾನಕ್ಕೆ ಅರ್ಹ ಎಂಬುದು ಈ ಕಾರಣಕ್ಕೆ.

ಶೀತ, ಬೂಸ್ಟು, ಬಿಸಿಲು

ಕ್ಯಾಸೆಟ್ಟೂ ಫ್ಲಾಪಿಯೂ ಒಂದೇ ಜಾತಿಯವು. ಪ್ಲಾಸ್ಟಿಕ್ ಪಟ್ಟಿ ಅಥವಾ ತಟ್ಟೆಯ ಮೇಲೆ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಆ ಪುಡಿಯ ಕಣಗಳು ಯಾವ ದಿಕ್ಕಿಗೆ ಕಾಂತತ್ವ ಹೊಂದಿವೆ ಎಂಬುದೇ ಮಾಹಿತಿ. ಕಾಂತತ್ವ ತಾನಾಗಿ ಅಷ್ಟು ಬೇಗ ಹೋಗುವುದಿಲ್ಲ. ಹೋಗುವುದು ಅಂಟು. ಅದು ಗಾಳಿಯ ತೇವವನ್ನು ಹೀರಿ ಸಡಿಲಾಗುತ್ತದೆ, ಮತ್ತು ತೇವವಿರುವಲ್ಲಿ ಬೂಸ್ಟು ಬೆಳೆಯುತ್ತದೆ. ಮೂಡಿಗೆರೆ, ಸಕಲೇಶಪುರ, ಕೊಪ್ಪದಂಥ ಕಡೆ ಮಳೆಗಾಲವಿಡೀ ಬಟ್ಟೆಯೇ ಒಣಗದಿರುವಾಗ ಅಟ್ಟದ ಕ್ಯಾಸೆಟ್ಟು ಶೀತ ಹಿಡಿಯದೆ ಇರುವುದು ಕಷ್ಟ. ಕಡೂರು, ಅರಸೀಕೆರೆಯ ಬಯಲು ಸೀಮೆಯಲ್ಲಿ ಶೀತ ಕಡಿಮೆ, ಧೂಳು ಹೆಚ್ಚು.

ಕ್ಯಾಸೆಟ್ಟಿನ ಕಿಟಕಿಯಿಂದ ಬೆಳಕಿಗೆ ಹಿಡಿದು ನೋಡಿದಾಗ ಸುತ್ತಿದ ಟೇಪಿನ ಬದಿ ಕನ್ನಡಿಯಂತೆ ಕಂದು ಬಣ್ಣದಲ್ಲಿ ಹೊಳೆಯಬೇಕು. ಅದರ ಮೇಲೆ ಬಿಳಿಯ ಚುಕ್ಕಿ ಅಥವಾ ಹತ್ತಿಯೆಳೆಯಂಥದ್ದು ಕಂಡರೆ ಬೂಸ್ಟು ಹತ್ತಿದೆ ಎಂದರ್ಥ. ಹಾಗಿರುವಾಗ ಅದನ್ನು ಪ್ಲೇಯರಿಗೆ ಹಾಕಿದರೆ ಟೇಪೂ ಕೆಡುತ್ತದೆ, ಪ್ಲೇಯರಿನ ಹೆಡ್ಡಿಗೆ, ಅಂದರೆ ಟೇಪಿಗೆ ತಾಗಿ ಓದುವ ಭಾಗಕ್ಕೆ, ಹತ್ತಿದ ಬೂಸ್ಟು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಫ್ಲಾಪಿಯಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಹೆಡ್ಡು ತಟ್ಟೆಯ ಮೇಲೆಯೇ ಉಜ್ಜುತ್ತಿರುತ್ತದೆ ಮತ್ತು ತಟ್ಟೆ ನಿಮಿಷಕ್ಕೆ ಸುಮಾರು 300 ಸುತ್ತು ತಿರುಗುತ್ತದೆ. ಒಂದು ಕಣ ಸಿಕ್ಕಿಕೊಂಡರೂ ಕೆಲವೇ ಸೆಕೆಂಡಿನಲ್ಲಿ ಬಳಿದ ಪದರವೆಲ್ಲ ಕೆತ್ತಿ ಬಂದು, ತಟ್ಟೆಯಲ್ಲಿ ಬೆಳಕು ಹಾಯುವ ಬಳೆಯಂಥ ಗೆರೆ ಬೀಳುತ್ತದೆ. ಆ ಗೆರೆಯಲ್ಲಿದ್ದ ಮಾಹಿತಿಯನ್ನು ಯಾವ ತಜ್ಞನೂ ಮರಳಿ ತರಲಾರ. ಆದ್ದರಿಂದ ‘ಒಂದು ಸಲ ಹಾಕಿ ನೋಡೋಣ’ ಎಂಬ ಕುತೂಹಲವನ್ನು ತಡೆದುಕೊಳ್ಳಬೇಕು. ಮೊದಲು ಮಾಸ್ಕ್ ಹಾಕಿಕೊಂಡು ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಹತ್ತಿಕಡ್ಡಿಯಿಂದ ನಾಜೂಕಾಗಿ ಶುಚಿ ಮಾಡಬೇಕು, ಪ್ರತಿ ಫ್ಲಾಪಿಯ ನಂತರ ಡ್ರೈವಿನ ಹೆಡ್ಡನ್ನೂ ಒರೆಸಬೇಕು.

ಮೂರನೆಯ ಬಗೆಯ ಮಾಧ್ಯಮ ಚಿಪ್ಪು. ಪರೀಕ್ಷೆಯ ಹಂತದಲ್ಲಿದ್ದ ಆಟಗಳನ್ನು ಇಪ್ರಾಮ್ ಎಂಬ ಚಿಪ್ಪಿನಲ್ಲಿ ಬರೆಯುತ್ತಿದ್ದರು. ಇದರ ನೆತ್ತಿಯ ಮೇಲೆ ಗಾಜಿನ ಸಣ್ಣ ಕಿಟಕಿಯಿದ್ದು ಒಳಗಿನ ಮಿನುಗುವ ಚೌಕ ಬರಿಗಣ್ಣಿಗೇ ಕಾಣುತ್ತದೆ. ಬೇಡವಾದಾಗ ಅಳಿಸಲೆಂದೇ ಆ ಕಿಟಕಿ: ಅತಿನೇರಳೆ ದೀಪದ ಕೆಳಗೆ ಸುಮಾರು 20 ನಿಮಿಷ ಇಟ್ಟರೆ ಬರೆದದ್ದು ಅಳಿಯುತ್ತದೆ. ತಯಾರಕರ ಕೈಪಿಡಿಗಳ ಪ್ರಕಾರ ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಸುಮಾರು 3 ವರ್ಷ ಇಟ್ಟರೂ ಅಳಿಯಬಹುದು. ಕಿಟಕಿಯ ಮೇಲೆ ಅಂಟಿಸಿದ ಚೀಟಿಯನ್ನು ಕೊಳಕೆಂದು ಕಿತ್ತುಹಾಕಬಾರದು. ಅದು ಬೆಳಕನ್ನು ತಡೆಯುತ್ತದೆ, ಅದರ ಮೇಲಿನ ತಾರೀಖು ಇದು ಆಟದ ಯಾವ ಹಂತ ಎಂಬುದಕ್ಕೆ ಸಿಗುವ ಏಕೈಕ ಸಾಕ್ಷಿಯೂ ಆಗಿರಬಹುದು.

ಪಾಠವೋ, ಪಡಿಯಚ್ಚೋ

ನಕಲು ಮಾಡುವುದರಲ್ಲಿ ಹಲವು ಆಳಗಳಿವೆ, ಅವನ್ನು ಅರಿಯಲು ನಮ್ಮ ಜಿಲ್ಲೆಗಳಲ್ಲೇ ಒಳ್ಳೆಯ ಹೋಲಿಕೆಯಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಿಂದ ಹಿಡಿದು ಹೊಲದ ಬದುವಿನ ವೀರಗಲ್ಲಿನವರೆಗೆ ಶಾಸನವನ್ನು ಎರಡು ರೀತಿ ನಕಲು ಮಾಡುತ್ತಾರೆ. ಓದಬಲ್ಲವರು ಅಕ್ಷರಗಳನ್ನು ಓದಿ ಕಾಗದಕ್ಕೆ ಬರೆದುಕೊಂಡರೆ ಅದು ಪಾಠ. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ತಟ್ಟಿ ಕೂರಿಸಿ, ಮಸಿ ಒತ್ತಿ ತೆಗೆದರೆ ಅದು ಪಡಿಯಚ್ಚು. ಪಾಠದಲ್ಲಿ ಓದಿದವನಿಗೆ ಅಕ್ಷರವೆಂದು ತೋರಿದ್ದು ಮಾತ್ರ ಬರುತ್ತದೆ. ಪಡಿಯಚ್ಚಿನಲ್ಲಿ ಕಲ್ಲಿನ ಬಿರುಕು, ಚಕ್ಕೆ, ಅರೆ ಅಳಿದ ಗೆರೆ ಎಲ್ಲವೂ ಬರುತ್ತವೆ, ಮುಂದೆ ಇನ್ನೊಬ್ಬ ವಿದ್ವಾಂಸ ಅದನ್ನು ಬೇರೆಯಾಗಿ ಓದುವ ಅವಕಾಶ ಉಳಿಯುತ್ತದೆ.

ಫ್ಲಾಪಿಯಲ್ಲಿಯೂ ಹೀಗೆಯೇ. ಕಡತಗಳನ್ನು ಮಾತ್ರ ನಕಲು ಮಾಡುವುದು ಎಲ್ಲಕ್ಕಿಂತ ಮೇಲುಮೇಲಿನ ಕೆಲಸ. ಪಟ್ಟಿಯಲ್ಲಿ ಹೆಸರಿರುವುದಷ್ಟೇ ಬರುತ್ತದೆ. ಫ್ಲಾಪಿಯನ್ನು ಸೆಕ್ಟರ್ ಎಂಬ ಚಿಕ್ಕ ಚಿಕ್ಕ ಮನೆಗಳಾಗಿ ವಿಂಗಡಿಸಿರುತ್ತಾರೆ. ಬಿಬಿಸಿ ಮೈಕ್ರೊದ 40 ವೃತ್ತಗಳ ಫ್ಲಾಪಿಯಲ್ಲಿ ವೃತ್ತಕ್ಕೆ 10ರಂತೆ, ತಲಾ 256 ಬೈಟಿನ 400 ಮನೆಗಳು ಒಂದು ಬದಿಗೆ. ಪ್ರತಿ ಮನೆಯನ್ನೂ ಓದಿ ತೆಗೆದರೆ ಅದು ಸೆಕ್ಟರ್ ಪ್ರತಿ, ಅಂದರೆ ಪಾಠ. ಇದರಲ್ಲಿ ಅಳಿಸಿದ ಕಡತಗಳೂ ಎಷ್ಟೋ ಸಲ ಸಿಗುತ್ತವೆ, ಏಕೆಂದರೆ ಅಳಿಸುವುದೆಂದರೆ ಪಟ್ಟಿಯಿಂದ ಹೆಸರು ತೆಗೆಯುವುದೇ ಹೊರತು ಮನೆ ಖಾಲಿ ಮಾಡುವುದಲ್ಲ. ಅರ್ಧಕ್ಕೆ ನಿಂತ ಆಟದ ಹಿಂದಿನ ರೂಪ, ಕೈಬಿಟ್ಟ ಚಿತ್ರ, ಬದಲಿಸಿದ ಹೆಸರು ಸಿಗುವುದು ಹೆಚ್ಚಾಗಿ ಇಂಥ ಜಾಗದಲ್ಲಿಯೇ.

ಅದಕ್ಕೂ ಆಳದ್ದು ಫ್ಲಕ್ಸ್ ಪ್ರತಿ, ಅಂದರೆ ಪಡಿಯಚ್ಚು. ಹೆಡ್ಡಿನ ಕೆಳಗೆ ಕಾಂತತ್ವದ ದಿಕ್ಕು ಬದಲಾದ ಪ್ರತಿ ಕ್ಷಣವನ್ನೂ ಇಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಇದು ಸೊನ್ನೆಯೋ ಒಂದೋ ಎಂಬ ತೀರ್ಮಾನವನ್ನು ಆಗ ಮಾಡುವುದೇ ಇಲ್ಲ. ಸಾಮಾನ್ಯ ಫ್ಲಾಪಿಗಳಲ್ಲಿ ಈ ಬದಲಾವಣೆಗಳು 4, 6 ಅಥವಾ 8 ಮೈಕ್ರೊಸೆಕೆಂಡ್ ಅಂತರದಲ್ಲಿ ಬರುತ್ತವೆ. ಶೀತದಿಂದ ಮಸುಕಾದ ಜಾಗದಲ್ಲಿ 5 ಎಂದು ಬಂದರೆ ಹಳೆಯ ಡ್ರೈವ್ ಯಾವುದೋ ಒಂದನ್ನು ಊಹಿಸಿ ಮುಂದೆ ಹೋಗುತ್ತದೆ; ಫ್ಲಕ್ಸ್ ಪ್ರತಿ 5 ಎಂದೇ ದಾಖಲಿಸಿ ತೀರ್ಮಾನವನ್ನು ಮುಂದಿನವರಿಗೆ ಬಿಡುತ್ತದೆ. ಕ್ರಯೊಫ್ಲಕ್ಸ್, ಕೀರ್ ಫ್ರೇಸರ್ ರೂಪಿಸಿದ ಗ್ರೀಸ್‌ವೀಸಲ್, ಆಪಲ್ ಯಂತ್ರಗಳಿಗಾಗಿ ಇರುವ ಆಪಲ್‌ಸಾಸ್ ಇವೆಲ್ಲ ಈ ಕೆಲಸದ ಸಾಧನಗಳು. ಹಳೆಯ ಫ್ಲಾಪಿ ಡ್ರೈವಿಗೂ ಇಂದಿನ ಲ್ಯಾಪ್‌ಟಾಪಿಗೂ ನಡುವೆ ಇವನ್ನು ಜೋಡಿಸುತ್ತಾರೆ. ಚಿತ್ರಕಾರ ಆ್ಯಂಡಿ ವಾರ್ಹೊಲ್ 1985ರಲ್ಲಿ ಅಮಿಗಾ ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರಗಳನ್ನು ಅವರ ವಸ್ತುಸಂಗ್ರಹಾಲಯದಲ್ಲಿದ್ದ ಫ್ಲಾಪಿಗಳಿಂದ ಹೊರತೆಗೆದ ಸುದ್ದಿ 2014ರಲ್ಲಿ ಬಂದಿತ್ತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರು ಆ ಕೆಲಸ ಮಾಡಿದ್ದರು.

ಮೂರೂವರೆ ಇಂಚಿನ ಹಳೆಯ ಫ್ಲಾಪಿಯನ್ನು ಈಗ ಸಿಗುವ ಯುಎಸ್‌ಬಿ ಫ್ಲಾಪಿ ಡ್ರೈವಿಗೆ ಹಾಕಿದರೆ ವಿಂಡೋಸ್ ಬಹುಶಃ ‘ಫಾರ್ಮ್ಯಾಟ್ ಮಾಡಬೇಕೆ’ ಎಂದು ಕೇಳುತ್ತದೆ. ಫ್ಲಾಪಿ ಖಾಲಿಯಿದೆ ಎಂದು ಇದರ ಅರ್ಥವಲ್ಲ, ಅದರ ವಿನ್ಯಾಸ ವಿಂಡೋಸಿಗೆ ತಿಳಿಯದು ಎಂದಷ್ಟೇ ಅರ್ಥ. ಹೌದು ಎಂದು ಒತ್ತಿದರೆ ಎಲ್ಲ ಮುಗಿಯಿತು. ಹಾಗಾಗಿ ಓದುವ ಮೊದಲೇ ಬರೆಯದಂತೆ ತಡೆಯಬೇಕು: ಐದೂಕಾಲು ಇಂಚಿನ ಫ್ಲಾಪಿಯ ಅಂಚಿನ ಕಚ್ಚನ್ನು ಚೀಟಿಯಿಂದ ಮುಚ್ಚಬೇಕು, ಮೂರೂವರೆ ಇಂಚಿನದರಲ್ಲಿ ಮೂಲೆಯ ಕಿಂಡಿಯನ್ನು ತೆರೆದಿಡಬೇಕು, ಕ್ಯಾಸೆಟ್ಟಿನ ಹಿಂಬದಿಯ ಪ್ಲಾಸ್ಟಿಕ್ ಚಕ್ಕೆಯನ್ನು ಮುರಿಯಬೇಕು.

ಕ್ಯಾಸೆಟ್ಟಿಗೆ ವಿಶೇಷ ಸಾಧನ ಬೇಡ. ಒಳ್ಳೆಯ ಟೇಪ್ ಡೆಕ್ಕಿನಿಂದ ಲ್ಯಾಪ್‌ಟಾಪಿಗೆ ತಂತಿ ಎಳೆದು ಎರಡೂ ಬದಿಗಳನ್ನು ಪೂರ್ತಿಯಾಗಿ, ವೇವ್ ರೂಪದಲ್ಲಿ, ಸೆಕೆಂಡಿಗೆ 44,100 ಅಥವಾ 48,000 ಮಾದರಿಗಳಂತೆ ಧ್ವನಿಮುದ್ರಿಸಿದರೆ ಆಯಿತು. ಎಂಪಿ3 ಬೇಡ, ಕಿವಿಗೆ ಬೇಡವೆಂದು ಅದು ಬಿಡುವ ಅಂಶಗಳು ಕಂಪ್ಯೂಟರಿಗೆ ಬೇಕಾದವಾಗಿರಬಹುದು. ಶಬ್ದ ಮಂಕಾಗಿ ಕೇಳಿದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ಅದರ ಓರೆಯನ್ನು ಸರಿಪಡಿಸಬೇಕಾಗುತ್ತದೆ; ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಹಿರಿಯರು ಊರಲ್ಲಿದ್ದರೆ ಇದನ್ನು ಅವರ ಕೈಗೆ ಕೊಡುವುದೇ ವಾಸಿ. ಹೀಗೆ ಮುದ್ರಿಸಿದ ಧ್ವನಿಯೇ ಪಡಿಯಚ್ಚು. ಅದರಿಂದ ಮುಂದೆ ತಂತ್ರಾಂಶಗಳ ನೆರವಿನಿಂದ ಟ್ಯಾಪ್ ಅಥವಾ ಟಿಝಡ್‌ಎಕ್ಸ್ ಎಂಬ ಬಗೆಯ ಕಡತ ಮಾಡಿಕೊಂಡರೆ ಅದು ಪಾಠ. ಎರಡನ್ನೂ ಇಟ್ಟುಕೊಳ್ಳಬೇಕು.

ಬಿಟ್ಟುಗಳೆಲ್ಲ ಸರಿಯಾಗಿ ಬಂದರೂ ಅವನ್ನು ಅರ್ಥಮಾಡಿಕೊಳ್ಳುವ ತಂತ್ರಾಂಶ ಇಲ್ಲದಿದ್ದರೆ ಪ್ರಯೋಜನವಿಲ್ಲ. ಯೂನಿಕೋಡ್ ಬರುವ ಮೊದಲು ನುಡಿ, ಬರಹಗಳಲ್ಲಿ ಟೈಪು ಮಾಡಿದ ಕಡತವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಇದು ಹೊಸ ಅನುಭವವಲ್ಲ. ಆಟಗಳ ವಿಷಯದಲ್ಲಿ ಈ ಕೊರತೆಯನ್ನು ತುಂಬುವುದು ಎಮ್ಯುಲೇಟರ್: ಇಂದಿನ ಕಂಪ್ಯೂಟರಿನೊಳಗೆ ಹಳೆಯ ಯಂತ್ರದಂತೆಯೇ ನಡೆದುಕೊಳ್ಳುವ ತಂತ್ರಾಂಶ. ನಕಲು ಸರಿಬಂದಿದೆಯೇ ಎಂದು ಮೊದಲು ನೋಡಬೇಕಾದದ್ದು ಇದರಲ್ಲಿಯೇ.

ಹಳೆಯ ಯಂತ್ರಕ್ಕೆ ಹೊಸ ಕಾರ್ಡು

ಎಮ್ಯುಲೇಟರಿನಲ್ಲಿ ಆಟ ಓಡಿದ ಮೇಲೂ ಅದನ್ನು ನಿಜವಾದ ಯಂತ್ರದಲ್ಲಿ, ಆ ರಬ್ಬರ್ ಕೀಲಿಗಳ ಮೇಲೆ ಆಡಬೇಕೆಂಬ ಆಸೆ ಇರುತ್ತದೆ. ಪ್ರತಿ ಸಲ 5 ನಿಮಿಷ ಕಾಯುವ, ಹೊಸದು ಸಿಗದ ಫ್ಲಾಪಿಗಳನ್ನು ಸವೆಸುವ ಬದಲು ಎಸ್‌ಡಿ ಕಾರ್ಡ್ ಜೋಡಿಸುವ ಸಾಧನಗಳು ಬಂದಿರುವುದು ಇದಕ್ಕಾಗಿ. 1982ರ ಯಂತ್ರಕ್ಕೆ ಎಸ್‌ಡಿ ಕಾರ್ಡ್ ಎಂದರೆ ಏನೆಂದು ಗೊತ್ತಿರಲು ಸಾಧ್ಯವಿಲ್ಲ. ಆದ್ದರಿಂದ ಈ ಸಾಧನಗಳೆಲ್ಲ ಒಂದಲ್ಲ ಒಂದು ರೀತಿ ಯಂತ್ರಕ್ಕೆ ಸುಳ್ಳು ಹೇಳುತ್ತವೆ. ಸುಳ್ಳನ್ನು ಎಲ್ಲಿ ನಿಂತು ಹೇಳುತ್ತವೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಫ್ಲಾಪಿ ಡ್ರೈವಿನ ಜಾಗದಲ್ಲೇ ಕೂತು ಸುಳ್ಳು ಹೇಳುವುದು ಗೋಟೆಕ್. ಮೂರೂವರೆ ಇಂಚಿನ ಡ್ರೈವಿನದೇ ಅಳತೆಯ ಈ ಪೆಟ್ಟಿಗೆ ಹುಟ್ಟಿದ್ದು ಕಂಪ್ಯೂಟರ್ ಹವ್ಯಾಸಿಗಳಿಗಾಗಿ ಅಲ್ಲ. ಫ್ಲಾಪಿಯಿಂದ ವಿನ್ಯಾಸ ಓದುತ್ತಿದ್ದ ಕಸೂತಿ ಯಂತ್ರದಂಥ ಕಾರ್ಖಾನೆಯ ಯಂತ್ರಗಳಿಗಾಗಿ. ಹಿಂಬದಿಯಲ್ಲಿ ಅದೇ 34 ಸೂಜಿಗಳ ಪಟ್ಟಿ ತಂತಿ, ಮುಂಬದಿಯಲ್ಲಿ ಪೆನ್‌ಡ್ರೈವ್ ಚುಚ್ಚುವ ಬಾಯಿ, ಎರಡು ಗುಂಡಿ, ಮೂರಂಕಿಯ ಕೆಂಪು ದೀಪದ ಫಲಕ. ಕಂಪ್ಯೂಟರು ತಂತಿಯ ಮೂಲಕ ‘ಹೆಡ್ಡನ್ನು ಒಂದು ವೃತ್ತ ಒಳಕ್ಕೆ ಸರಿಸು’ ಎಂದು ಸಂಜ್ಞೆ ಕಳಿಸುತ್ತದೆ. ಸರಿಸಲು ಹೆಡ್ಡೇ ಇಲ್ಲ. ಗೋಟೆಕ್ ಪೆನ್‌ಡ್ರೈವಿನ ಕಡತದಲ್ಲಿ ಮುಂದಿನ ವೃತ್ತದ ಮಾಹಿತಿಯನ್ನು ತೆಗೆದು, ತಟ್ಟೆ ನಿಜವಾಗಿ ತಿರುಗುತ್ತಿದ್ದರೆ ಯಾವ ವೇಗದಲ್ಲಿ ಬರುತ್ತಿತ್ತೋ ಅದೇ ವೇಗದಲ್ಲಿ ಮಿಡಿತಗಳನ್ನು ಕಳಿಸುತ್ತದೆ. ಗುಂಡಿ ಒತ್ತಿ 007 ಎಂದಿದ್ದುದನ್ನು 008 ಮಾಡಿದರೆ ಫ್ಲಾಪಿ ಬದಲಿಸಿದಂತೆ. ಮೂಲದಲ್ಲಿ ಇದಕ್ಕೆ ಪಿಸಿ ವಿನ್ಯಾಸದ ಫ್ಲಾಪಿಗಳು ಮಾತ್ರ ಗೊತ್ತು. ಆದ್ದರಿಂದ ಫ್ಲ್ಯಾಶ್‌ಫ್ಲಾಪಿ ಎಂಬ ಉಚಿತ ತಂತ್ರಾಂಶವನ್ನು ತುಂಬಿಕೊಂಡು ಅಮಿಗಾ ಮೊದಲಾದವುಗಳಿಗೆ ಬಳಸುತ್ತಾರೆ. ಅದೂ ಕೀರ್ ಫ್ರೇಸರ್ ಅವರದೇ.

ಕಮೋಡೋರ್ 64ರಲ್ಲಿ ಸುಳ್ಳು ಹೇಳುವುದು ಹೆಚ್ಚು ಕಷ್ಟ. ಅದರ 1541 ಎಂಬ ಫ್ಲಾಪಿ ಡ್ರೈವ್ ಸ್ವತಃ ಒಂದು ಕಂಪ್ಯೂಟರಾಗಿತ್ತು. ಅದರೊಳಗೆ ತನ್ನದೇ 6502 ಪ್ರೊಸೆಸರ್, 2 ಕಿಲೋಬೈಟ್ ರ‍್ಯಾಮ್ ಇದ್ದವು. ಅದರ ಸಹಜ ವೇಗ ಬೇಸರ ಹುಟ್ಟಿಸುವಷ್ಟು ಕಡಿಮೆಯಿದ್ದುದರಿಂದ ಆಟ ಬರೆಯುವವರು ತಮ್ಮದೇ ತುಣುಕು ಪ್ರೋಗ್ರಾಂ ಅನ್ನು ಡ್ರೈವಿನೊಳಕ್ಕೇ ಕಳಿಸಿ ಅಲ್ಲಿ ಓಡಿಸುತ್ತಿದ್ದರು. ಎಸ್‌ಡಿ2ಐಇಸಿ ಎಂಬ ಅಗ್ಗದ ಸಾಧನ ‘ಈ ಕಡತ ಕೊಡು’ ಎಂದರೆ ಕೊಡುತ್ತದೆ, ಆದರೆ ಡ್ರೈವಿನ ಪ್ರೊಸೆಸರಿನಂತೆ ನಟಿಸಲಾರದು; ಹಾಗಾಗಿ ಇಂಥ ಆಟಗಳು ಹಲವು ಸಲ ಅದರಲ್ಲಿ ಅರ್ಧಕ್ಕೇ ನಿಲ್ಲುತ್ತವೆ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನು ಬಳಸುವ ಪೈ1541 ಮತ್ತು 1541 ಅಲ್ಟಿಮೇಟ್ ಇಡೀ ಡ್ರೈವನ್ನೇ ಗಡಿಯಾರದ ಪ್ರತಿ ಮಿಡಿತಕ್ಕೂ ತಾಳೆಯಾಗುವಂತೆ ಅನುಕರಿಸುವುದರಿಂದ ಅವುಗಳಲ್ಲಿ ಈ ತೊಂದರೆ ಬಹಳ ಕಡಿಮೆ. ನಕಲು ಮಾಡಿದ ಆಟ ಅಗ್ಗದ ಸಾಧನದಲ್ಲಿ ನಿಂತುಹೋದಾಗ ನಕಲೇ ಕೆಟ್ಟಿದೆ ಎಂದು ತೀರ್ಮಾನಿಸಬಾರದೆಂಬುದಕ್ಕೆ ಕಾರಣ ಇದು.

ಸ್ಪೆಕ್ಟ್ರಮ್‌ಗೆ ಡಿವ್‌ಎಂಎಂಸಿ ಎಂಬ ಸಾಧನವಿದೆ. ಇದು ಯಂತ್ರದ ಬೆನ್ನಿಗೆ ಕೂತು, ಟೇಪ್ ಓದುವ ಒಳಗಿನ ಪ್ರೋಗ್ರಾಂನ ಸರದಿ ಬಂದಾಗ ಅದರ ಬದಲು ತನ್ನದನ್ನು ಮುಂದಿಟ್ಟು, ಕ್ಯಾಸೆಟ್ಟಿನ ಜಾಗದಲ್ಲಿ ಕಾರ್ಡಿನಿಂದ ಮಾಹಿತಿಯನ್ನು ಕ್ಷಣದಲ್ಲಿ ತುಂಬುತ್ತದೆ. ಬಿಬಿಸಿ ಮೈಕ್ರೊಗೆ ಎಸ್‌ಡಿ ಕಾರ್ಡನ್ನು ಯೂಸರ್ ಪೋರ್ಟ್ ಎಂಬ, ಹೊರಗಿನ ಸಾಧನ ಜೋಡಿಸುವ ಕಿಂಡಿಯ ಮೂಲಕ ಜೋಡಿಸುವ ಏರ್ಪಾಡಿದೆ. ಅಮಿಗಾ 600, 1200ರಂಥ ಯಂತ್ರಗಳಲ್ಲಿ ಹಾರ್ಡ್ ಡಿಸ್ಕಿನ ಜಾಗಕ್ಕೆ ಕ್ಯಾಮೆರಾಗಳ ಹಳೆಯ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಸಲೀಸಾಗಿ ಹೊಂದುತ್ತದೆ, ಏಕೆಂದರೆ ಆ ಕಾರ್ಡಿಗೆ ಹಾರ್ಡ್ ಡಿಸ್ಕಿನ ಭಾಷೆ ಹುಟ್ಟಿನಿಂದಲೇ ಬರುತ್ತದೆ.

ದೊಡ್ಡ ಕಾರ್ಡ್ ಕೊಳ್ಳುವ ಅಗತ್ಯವಿಲ್ಲ. 1 ಗಿಗಾಬೈಟಿನಲ್ಲಿ 48 ಕಿಲೋಬೈಟಿನ 20,000ಕ್ಕೂ ಹೆಚ್ಚು ಪ್ರೋಗ್ರಾಂಗಳು ಹಿಡಿಯುತ್ತವೆ.

ಕರೆಂಟು ಕೊಡುವ ಮುನ್ನ

ಅಟ್ಟದಿಂದ ಇಳಿಸಿದ ಯಂತ್ರವನ್ನು ಕೂಡಲೇ ಪ್ಲಗ್ಗಿಗೆ ಚುಚ್ಚಬಾರದು. ಬಿಬಿಸಿ ಮೈಕ್ರೊದ ಪವರ್ ಸಪ್ಲೈನಲ್ಲಿರುವ ಕಾಗದದ ಕೆಪಾಸಿಟರುಗಳು ವಯಸ್ಸಾಗಿ ಬಿರುಕು ಬಿಟ್ಟು, ತೇವ ಹೀರಿ, ಕರೆಂಟು ಕೊಟ್ಟೊಡನೆ ಗಬ್ಬು ಹೊಗೆ ಎಬ್ಬಿಸುವುದು ಹೆಸರುವಾಸಿ. ಕಮೋಡೋರ್ 64ರ ಮೂಲ ಅಡಾಪ್ಟರ್ ಕೆಟ್ಟಾಗ 5 ವೋಲ್ಟಿಗಿಂತ ಹೆಚ್ಚು ಕೊಟ್ಟು ಒಳಗಿನ ಚಿಪ್ಪುಗಳನ್ನೇ ಸುಡುತ್ತದೆ. ಸ್ಪೆಕ್ಟ್ರಮ್‌ನ 9 ವೋಲ್ಟ್ ಪಿನ್ನಿನಲ್ಲಿ ನಡುವಿನದು ಋಣ, ಈಗ ಸಿಗುವ ಬಹುತೇಕ ಅಡಾಪ್ಟರುಗಳಲ್ಲಿ ಅದು ಧನ. ಬ್ರಿಟನ್ನಿನ ಯಂತ್ರಗಳು ನಮ್ಮ ಮನೆಯ ವೋಲ್ಟೇಜಿಗೆ ಹೊಂದುತ್ತವೆ. ಅಮೆರಿಕದಿಂದ ಬಂದವು 110 ವೋಲ್ಟಿನವಾದ್ದರಿಂದ ನೇರವಾಗಿ ಚುಚ್ಚಿದರೆ ಸುಡುತ್ತವೆ. ಮಲ್ಟಿಮೀಟರ್ ಹಿಡಿಯಬಲ್ಲ ಯಾವುದೇ ಟಿವಿ ಮೆಕ್ಯಾನಿಕ್ ಇದನ್ನೆಲ್ಲ ಹತ್ತು ನಿಮಿಷದಲ್ಲಿ ನೋಡಿಕೊಡಬಲ್ಲರು.

ಕಾನೂನು ಏನು ಹೇಳುತ್ತದೆ

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಗುಂಪಿಗೆ ಸೇರುತ್ತದೆ. ಬರೆದವರು ತೀರಿಕೊಂಡ ನಂತರ 60 ವರ್ಷದವರೆಗೆ ಹಕ್ಕು ಉಳಿಯುತ್ತದೆ. ಕಂಪನಿ ಮುಚ್ಚಿಹೋದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಆದರೆ 52ನೆಯ ಕಲಮಿನಲ್ಲಿ ವಿನಾಯಿತಿಗಳಿವೆ: ನ್ಯಾಯಬದ್ಧವಾಗಿ ಪ್ರೋಗ್ರಾಂ ಹೊಂದಿರುವವರು ನಷ್ಟ ಅಥವಾ ಹಾನಿಯಿಂದ ರಕ್ಷಣೆಗೆಂದು ನಕಲು ಮಾಡಿಟ್ಟುಕೊಳ್ಳಬಹುದು. ಮನೆಯಲ್ಲಿ ಸುಮ್ಮನೆ ಉಳಿಸಿಕೊಳ್ಳಲು ಇಷ್ಟು ಸಾಕು. ಇಂಟರ್ನೆಟ್ಟಿಗೆ ಹಾಕಲು ಇದು ಸಾಲದು, ಹಕ್ಕುದಾರರ ಒಪ್ಪಿಗೆ ಬೇಕು. ಅಪ್ಪನೋ ಚಿಕ್ಕಮ್ಮನೋ ತಾವೇ ಕುಳಿತು ಬರೆದ ಆಟವಾದರೆ ಸಾಮಾನ್ಯವಾಗಿ ಹಕ್ಕು ಅವರದೇ, ಅವರ ನಂತರ ವಾರಸುದಾರರದು. ಬದುಕಿರುವವರನ್ನು ಕೇಳಿ ಒಂದು ಸಾಲಿನ ಒಪ್ಪಿಗೆ ಬರೆಸಿಟ್ಟುಕೊಳ್ಳುವುದು ಸುಲಭ. ಅದೇ ಹೊತ್ತಿನಲ್ಲಿ ಯಾವ ವರ್ಷ, ಯಾವ ಯಂತ್ರ, ಯಾವ ಗುಂಡಿ ಒತ್ತಿದರೆ ಏನಾಗುತ್ತಿತ್ತು ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು. ಇದಾವುದೂ ಕ್ಯಾಸೆಟ್ಟಿನೊಳಗೆ ಇರುವುದಿಲ್ಲ.

ನಕಲನ್ನು ಇಡುವುದೆಲ್ಲಿ

ಆಡಲು ಬಳಸುವ ಎಸ್‌ಡಿ ಕಾರ್ಡನ್ನೇ ಸಂಗ್ರಹವೆಂದು ಭಾವಿಸುವುದು ಇಲ್ಲಿ ಸಾಮಾನ್ಯವಾಗಿ ಆಗುವ ಅನಾಹುತ. ಫ್ಲ್ಯಾಶ್ ಕಾರ್ಡಿನಲ್ಲಿ ಮಾಹಿತಿ ಉಳಿಯುವುದು ಸೂಕ್ಷ್ಮ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಾವೇಶದಿಂದ, ಅದು ವರ್ಷಗಳಲ್ಲಿ ನಿಧಾನವಾಗಿ ಸೋರುತ್ತದೆ. ಬಳಸದೆ ಡ್ರಾಯರಿನಲ್ಲಿಟ್ಟ ಅಗ್ಗದ ಕಾರ್ಡು ಸದ್ದಿಲ್ಲದೆ ಖಾಲಿಯಾಗಬಹುದು. ಕ್ಯಾಸೆಟ್ಟಿನಿಂದ ಕಾರ್ಡಿಗೆ ಹಾಕಿ ಕ್ಯಾಸೆಟ್ಟನ್ನು ಎಸೆದವರು ಹಳೆಯ ಮಾಧ್ಯಮವನ್ನು ಬಿಟ್ಟು ಅದಕ್ಕಿಂತ ಅಲ್ಪಾಯುಷಿಯಾದದ್ದನ್ನು ಹಿಡಿದಂತಾಗುತ್ತದೆ.

ಪಡಿಯಚ್ಚು, ಪಾಠ, ಚೀಟಿಯ ಫೋಟೊ, ಕೇಳಿ ಬರೆದುಕೊಂಡ ವಿವರ ಇವಿಷ್ಟನ್ನೂ ಒಂದೇ ಫೋಲ್ಡರಿನಲ್ಲಿ ಸೇರಿಸಿ, ಎರಡು ಹಾರ್ಡ್ ಡಿಸ್ಕುಗಳಿಗೂ ಒಂದು ಕ್ಲೌಡ್ ಖಾತೆಗೂ ಹಾಕುವುದು ರೂಢಿ. ಒಂದು ಡಿಸ್ಕು ಮೂಡಿಗೆರೆಯ ಮನೆಯಲ್ಲಿದ್ದರೆ ಇನ್ನೊಂದು ಕಡೂರಿನಲ್ಲೋ ಅರಸೀಕೆರೆಯಲ್ಲೋ ನೆಂಟರ ಮನೆಯಲ್ಲಿರಲಿ. ಒಂದೇ ಸಿಡಿಲಿಗೆ, ಒಂದೇ ಮಳೆಗಾಲಕ್ಕೆ ಎರಡೂ ಹೋಗುವುದಿಲ್ಲ. ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಎಂಬ ಲೆಕ್ಕದಿಂದ ಬರುವ 64 ಅಕ್ಷರಗಳ ಗುರುತನ್ನು ಪ್ರತ್ಯೇಕ ಕಡತದಲ್ಲಿ ಬರೆದಿಡಬೇಕು. ಕಡತದ ಒಂದೇ ಒಂದು ಬಿಟ್ ಬದಲಾದರೂ ಆ ಗುರುತು ಪೂರ್ತಿ ಬೇರೆಯಾಗುತ್ತದೆ. ವರ್ಷಕ್ಕೊಮ್ಮೆ ಮತ್ತೆ ಲೆಕ್ಕ ಹಾಕಿ ನೋಡಿದಾಗ ಒಂದು ಡಿಸ್ಕಿನಲ್ಲಿ ಗುರುತು ತಪ್ಪಿದ್ದರೆ ಇನ್ನೊಂದರಿಂದ ಆ ಕಡತವನ್ನು ಮರಳಿ ಹಾಕಿಕೊಳ್ಳಬಹುದು. ಮೂಲ ಕ್ಯಾಸೆಟ್ಟು, ಫ್ಲಾಪಿಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸ್ಪೀಕರ್ ಮತ್ತು ಮೋಟಾರುಗಳ ಆಯಸ್ಕಾಂತದಿಂದ ದೂರವಾಗಿ, ಅಟ್ಟದ ಮೇಲಲ್ಲ, ಮಲಗುವ ಕೋಣೆಯ ಬೀರುವಿನಲ್ಲಿಡಬೇಕು. ಜೆಲ್ಲಿನ ಮಣಿಗಳು ನೀಲಿಯಿಂದ ನಸುಗೆಂಪಿಗೆ ತಿರುಗಿದಾಗ ಒಲೆಯ ಪಕ್ಕ ಒಣಗಿಸಿ ಮತ್ತೆ ಹಾಕಿದರಾಯಿತು.